ಹಟ್ಟಿಯೆಂಬ ಗುರುಕುಲ

ಚಳ್ಳಕೆರೆ ಸೀಮೆಯ ದೊಡ್ಡಉಳ್ಳಾರ್ತಿಯ ಕಾವಲು, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆನಿಸಿ ಟಿಪ್ಪುವಿನ ಆಳ್ವಿಕೆಯಲ್ಲಿ ನಾಮಾಂತರ ಹೊಂದಿದ ಅರಸರ ಗೋಶಾಲೆ ಅಮೃತಮಹಲಿನ ಹೆಸರನ್ನು ಇಂದಿಗೂ ಹೊತ್ತಿದೆ. ಇಂತಹ ಹುಲ್ಲುಬಯಲುಗಳನ್ನು ಆಶ್ರಯಿಸಿದ ಪಶುಪಾಲಕ ಮ್ಯಾಸಬೇಡರ ಹಟ್ಟಿಗಳಲ್ಲಿ, ಅಕ್ಷರಾಭ್ಯಾಸಕ್ಕಿಂತ ಬಹು ಮುನ್ನವೇ ಮಗುವಿನ ಸಮಾಜಪಾಠ ಆರಂಭವಾಗುತ್ತಿದ್ದಿತು. ಕರುಗಳನ್ನು ಮೈಬಣ್ಣದಿಂದಲೇ ಗುರುತಿಸಬಲ್ಲ ಬಾಲಕನು, ಹೆಗಲಿಗೆ ಕಂಬಳಿಯೇರಿಸಿ ಕೋಲು ಹಿಡಿದು ದನಗಾಹಿಯಾದ ಹಿರಿಯ ಕಿಲಾರಿಯ ಬೆನ್ನಿಗೆ ನಡೆಯುತ್ತ, ನೊಗಕ್ಕೆ ಹೂಡದೆ ಸಾಕಿ ಸತ್ತಾಗ ವಿಧಿವತ್ತಾಗಿ ಮಣ್ಣುಮಾಡುವ ದೇವರ ಎತ್ತುಗಳ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕೇಳಿಯಲ್ಲ, ಕಂಡು ಕಲಿಯುತ್ತಿದ್ದನು.

ಹತ್ತು ಹನ್ನೆರಡರ ಪ್ರಾಯದ ಹುಡುಗರಿಗೆ ಈ ಜನರಲ್ಲಿ ಸುನ್ನತಿಯ ಸಂಸ್ಕಾರವಿದ್ದಿತೆಂದೂ, ಕೋಳಿ ಹಂದಿಗಳ ಮಾಂಸ ಅವರಿಗೆ ವರ್ಜ್ಯವೆಂದೂ 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಸಂಪುಟಗಳಲ್ಲಿ ದಾಖಲಾಗಿದೆ. ಪರಕೀಯ ಅಧಿಕಾರಿಗೆ ಇದು ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬಾಲ್ಯವನ್ನು ದಾಟಿಸಿ ಕುಲದ ಪಂಕ್ತಿಗೆ ಸೇರಿಸುವ ಇಂತಹ ವಿಧಿಗಳಿಲ್ಲದ ಸಮಾಜವನ್ನು ನಾನಂತೂ ಅರಿಯೆ.

ವಿವಾಹದಿಂದ ಬಾಂಧವ್ಯದ ಹೊಣೆ, ವೃದ್ಧಾಪ್ಯದಿಂದ ಮಾತಿನ ತೂಕ. ಹಟ್ಟಿಯಲ್ಲಿ ಬಗೆಹರಿಯದ ವ್ಯಾಜ್ಯಗಳು ನನ್ನಿವಾಳದಂತಹ ಕಟ್ಟೆಮನೆಗಳೆಂಬ ಕುಲದ ನ್ಯಾಯಸ್ಥಾನಗಳಿಗೆ ಹೋಗುತ್ತಿದ್ದುವು; ಅಲ್ಲಿ ಯುವಕನು ಮೊದಲು ಮೌನವಾಗಿ ಕುಳಿತು ಆಲಿಸುವುದನ್ನೇ ಕಲಿಯಬೇಕಾಗಿದ್ದಿತು. ಹೆಂಗಸರ ಪಾಠವು ಒಲೆಯ ಬಳಿಯಲ್ಲೂ ಹಾಡಿನಲ್ಲೂ ನಡೆಯುತ್ತಿದ್ದುದರಿಂದ ವರದಿಗಾರರ ಲೇಖನಿಗೆ ಅದು ಅಷ್ಟಾಗಿ ಸಿಕ್ಕಲಿಲ್ಲ; ಇದು ನಮ್ಮ ಇತಿಹಾಸಲೇಖನದ ದೊಡ್ಡ ನ್ಯೂನತೆ.

ಈ ಶತಮಾನದ ಮೊದಲ ದಶಕದಿಂದೀಚೆಗೆ, ಹಟ್ಟಿಯ ಈ ಪಾಠಗಳಿಗೆ ಬಯಲಾಗಿದ್ದ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸಾವಿರಾರು ಎಕರೆಗಳು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಮಂಜೂರಾಗಿವೆ.