ಹೆಸರಲ್ಲಿ ಮಾತ್ರ ಕೆರೆ

ಹೋದ ತಿಂಗಳು ಬೆಂಗಳೂರಿನಿಂದ ಗೆಳೆಯನೊಬ್ಬ ಬಂದಿದ್ದ. ಅರಮನೆ ಸುತ್ತ ಓಡಾಡುವಾಗ ಕೇಳಿದ, "ಅಲ್ಲ ಮಾರಾಯ, ದೊಡ್ಡಕೆರೆ ಮೈದಾನ ಅಂತೀರಲ್ಲ, ಕೆರೆ ಎಲ್ಲಿ?" ಚಿಕ್ಕಂದಿನಿಂದ ಅಲ್ಲಿ ದಸರಾ ವಸ್ತುಪ್ರದರ್ಶನ ನೋಡಿದ್ದೇನೆ, ಡೆಲ್ಲಿ ಹಪ್ಪಳ ತಿಂದಿದ್ದೇನೆ, ಆದರೆ ಹೆಸರಿನಲ್ಲಿರುವ ಕೆರೆಯ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ! ಜೀವರಾಯನಕಟ್ಟೆ ಅಂದರೆ ನಮಗೆ ಆಟದ ಮೈದಾನ. ಸುಬ್ಬರಾಯನಕೆರೆ ಅಂದರೆ ಪಾರ್ಕು. ಇಷ್ಟೊಂದು ಕೆರೆ-ಕಟ್ಟೆ ಇದ್ದ ಊರಲ್ಲಿ ಅವೆಲ್ಲ ಹೆಸರಾಗಿ ಮಾತ್ರ ಉಳಿದದ್ದು ಹೇಗೆ ಅಂತ ತಲೆಯಲ್ಲಿ ಹುಳ ಕೊರೆಯೋಕೆ ಶುರುವಾಯ್ತು.

ಮೊದಲು ಮೈಸೂರಿನ ಭೂಗೋಳ ಸ್ವಲ್ಪ ನೋಡೋಣ. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಕಬಿನಿ. ಇಂಥ ಊರಿಗೆ ನೀರಿನ ಚಿಂತೆ ಯಾಕೆ ಅನ್ನಿಸಬಹುದು. ಆದರೆ ಮೈಸೂರು ಇರೋದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಶ್ರೀರಂಗಪಟ್ಟಣ ಇರೋದು ಸುಮಾರು 680 ಮೀಟರ್‌ನಲ್ಲಿ. ಹತ್ತಿರವೇ ಹರಿಯುವ ಹೊಳೆ ನಮಗಿಂತ ಅಷ್ಟು ಕೆಳಗಿದೆ. ಮಳೆಯಾದರೂ ಕೈ ಹಿಡಿಯುತ್ತಾ? ಕಾವೇರಿ ಹುಟ್ಟುವ ಕೊಡಗಿನ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುತ್ತೆ. ಘಟ್ಟದ ಮಳೆನೆರಳಲ್ಲಿರುವ ಮೈಸೂರಿಗೆ ಬೀಳುವುದು ಹೆಚ್ಚು ಕಡಿಮೆ 800.

1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂತು. ಅಂದರೆ ಹೊಳೆಯ ನಡುವಿನ ದ್ವೀಪದಿಂದ ಎತ್ತರದ ಒಣನೆಲಕ್ಕೆ! ಅರಮನೆ, ಕಚೇರಿ, ಜನ ಎಲ್ಲ ಬಂದರು, ಹೊಳೆ ಮಾತ್ರ ಬರಲಿಲ್ಲ. ಅದನ್ನೂ ಕರೆತರುವ ಪ್ರಯತ್ನ ಮಾಡಿದವರು ದಿವಾನ್ ಪೂರ್ಣಯ್ಯ. ಪಂಪು, ವಿದ್ಯುತ್ತು ಇಲ್ಲದ ಕಾಲ ಅದು. ನೀರು ತಾನಾಗಿ ಹರಿದು ಬರಬೇಕಾದರೆ ಹೊಳೆಯ ಮೇಲ್ಭಾಗದಲ್ಲೆಲ್ಲೋ ತಿರುಗಿಸಿಕೊಂಡು, ಇಳಿಜಾರು ತಪ್ಪದಂತೆ, ದಿಣ್ಣೆಗಳನ್ನು ಕಡಿಯುತ್ತಾ ತರಬೇಕು. ಕಾಲುವೆ ತೋಡಿಸಿದರು, ಆದರೆ ಕಾವೇರಿ ಮೈಸೂರು ಮುಟ್ಟಲಿಲ್ಲ. ಪೂರ್ಣಯ್ಯ ನಾಲೆ ಕೊನೆಗೆ ಮಳೆನೀರು ಹೊರುವ ಕಾಲುವೆಯಾಗಿ ಉಳಿಯಿತು.

ಹಾಗಾಗಿ ಊರು ನಂಬಿದ್ದು ಕೆರೆಗಳನ್ನೇ. ಲಿಂಗಾಂಬುಧಿ ಕೆರೆ 1828ರದ್ದು. ಕುಕ್ಕರಹಳ್ಳಿ ಕೆರೆ 1864ರದ್ದು. ಎರಡನ್ನೂ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಕುಕ್ಕರಹಳ್ಳಿಗೆ ನೀರು ತುಂಬುತ್ತಿದ್ದದ್ದು ಯಾವುದು ಗೊತ್ತಾ? ಅದೇ 'ಸೋತ' ಪೂರ್ಣಯ್ಯ ನಾಲೆ! ಹೊಳೆಯನ್ನು ತರಲಾಗದ ಕಾಲುವೆ ಮಳೆಯನ್ನು ತಂದಿತು.

1896ರಲ್ಲಿ ಬೆಳಗೊಳದಿಂದ ಕಾವೇರಿ ನೀರನ್ನು ಮೇಲೆತ್ತಿ ಕೊಳವೆಯಲ್ಲಿ ಊರಿಗೆ ತಂದರು. ಆಗ ರಾಜ್ಯ ನೋಡಿಕೊಳ್ಳುತ್ತಿದ್ದವರು ರೀಜೆಂಟ್ ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಇವತ್ತಿಗೂ ನಮ್ಮ ನೀರಿನ ಕಚೇರಿಗೆ ವಾಣಿವಿಲಾಸ ಅಂತಲೇ ಹೆಸರು. ನಾಲೆ ಮಾಡಲಾಗದ್ದನ್ನು ಪಂಪು ಮಾಡಿತು. ಆಮೇಲೆ 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎರಡು ದಶಕದಲ್ಲಿ ಎದ್ದು ನಿಂತಿತು: 124.8 ಅಡಿ, 49 ಟಿಎಂಸಿ ಮೇಲೆ. ಮುಂದೆ ಕಬಿನಿಯ ನೀರೂ ಬಂತು.

ನನ್ನ ಪ್ರಕಾರ ಕೆರೆಗಳ ಕಥೆ ಮುಗಿಯುತ್ತಾ ಬಂದದ್ದು ಇಲ್ಲೇ. ಕುಡಿಯುವ ನೀರು ಕೆರೆಯಿಂದ ಬರುವಷ್ಟು ದಿನ ಅದಕ್ಕೆ ಕಸ ಹಾಕಿದವನನ್ನು ಊರೇ ಬೈಯುತ್ತೆ. ನಲ್ಲಿ ಬಂದ ಮೇಲೆ ಕೆರೆ ಯಾರದ್ದೂ ಅಲ್ಲ. ಕೆಲವು ಮೈದಾನವಾದವು. ಕುವೆಂಪು ಅವರು ದಿನಾ ವಾಕಿಂಗ್ ಹೋಗುತ್ತಿದ್ದ ಕುಕ್ಕರಹಳ್ಳಿ ಉಳಿಯಿತೇನೋ ಸರಿ, ಆದರೆ ಬಡಾವಣೆಗಳು ಬೆಳೆದಂತೆ ಮಳೆನೀರು ಬರುವ ದಾರಿಗಳು ಮುಚ್ಚಿ, ಚರಂಡಿ ನೀರು ಒಳಗೆ ಬಂತು.

ನಮ್ಮಜ್ಜಿ ಬೆಳಿಗ್ಗೆ ಪೇಪರ್ ಬಂದ ತಕ್ಷಣ "ಕಟ್ಟೆ ಎಷ್ಟು ಅಡಿ ಆಗಿದೆ ನೋಡೋ" ಅನ್ನುತ್ತಿದ್ದರು. ಈಗ ಆ ಕೆಲಸ ನನ್ನದು, ಮೊಬೈಲಲ್ಲಿ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ, 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿತು. ಅದೇ ನೀರನ್ನು ಮಂಡ್ಯದ ಗದ್ದೆ, ಬೆಂಗಳೂರು, ತಮಿಳುನಾಡು ಎಲ್ಲ ನಂಬಿವೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಬಿಡಬೇಕು. ನಾವು ಸಾಫ್ಟ್‌ವೇರಿನವರು ಒಂದೇ ಸರ್ವರ್ ನಂಬಿ ಕೂರಲ್ಲ, ಬ್ಯಾಕಪ್ ಬೇಕೇ ಬೇಕು ಅಂತೀವಿ. ಊರಿಗೆ ಬ್ಯಾಕಪ್ ಇತ್ತು. ಅದರ ಮೇಲೆ ನಾವು ಹಪ್ಪಳ ತಿನ್ನುತ್ತಿದ್ದೇವೆ ಅಷ್ಟೇ.

ಹೋದ ಕೆರೆ ವಾಪಸ್ ಬರಲ್ಲ, ಒಪ್ಪುತ್ತೇನೆ. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಇನ್ನೂ ಇವೆ. ಅವುಗಳ ನೀರನ್ನು ನಾಳೆಯೇ ಕುಡಿಯೋಣ ಅಂತಲ್ಲ. ಮಳೆ ಬಂದಾಗ ಒಳಗೆ ಬರಲು ಅವಕ್ಕೆ ದಾರಿ ಬಿಟ್ಟರೆ ಸಾಕು, ಸುತ್ತಲಿನ ಬೋರ್‌ವೆಲ್‌ಗಳಾದರೂ ಉಸಿರಾಡಿಯಾವು.

ನಿಮ್ಮೂರಲ್ಲೂ ನೀರಿಲ್ಲದ 'ಕೆರೆ', 'ಕಟ್ಟೆ'ಗಳು ಇರಬೇಕಲ್ಲ? ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ, ಗೊತ್ತಾದದ್ದನ್ನು ನೀವೂ ಬರೆಯಿರಿ.