ಕ್ಲಮೈಡಿಯ

ಕ್ಲಮೈಡಿಯ ಟ್ರಾಕೊಮ್ಯಾಟಿಸ್ ಎಂಬ ಬ್ಯಾಕ್ಟೀರಿಯದಿಂದ ಹರಡುವ ಲೈಂಗಿಕ ಸೋಂಕು. ಜೀವಕೋಶದ ಒಳಹೊಕ್ಕಲ್ಲದೆ ಬೆಳೆಯಲಾರದ ಈ ಸೂಕ್ಷ್ಮಾಣುವನ್ನು 1907ರಲ್ಲಿ ಹಾಲ್ಬರ್‌ಸ್ಟೇಟರ್ ಮತ್ತು ಪ್ರೊವಾಜೆಕ್ ಜಾವಾದಲ್ಲಿ ಗುರುತಿಸಿದರು. ಅದು ಕಂಡದ್ದು ಜನನಾಂಗದಲ್ಲಲ್ಲ, ಟ್ರಕೋಮ ಎಂಬ ನೇತ್ರರೋಗ ತಗಲಿದ ಕಣ್ಣುಗಳಲ್ಲಿ.

ಬಹುಪಾಲು ಸೋಂಕಿತರಿಗೆ, ಅದರಲ್ಲೂ ಹೆಂಗಸರಿಗೆ, ಯಾವ ಲಕ್ಷಣವೂ ಇರುವುದಿಲ್ಲ. ಈ ಸೋಂಕಿನ ನಿಜವಾದ ಅಪಾಯ ಇದೇ. ಕೆಲವರಲ್ಲಿ ಉರಿಮೂತ್ರ, ಸ್ರಾವ, ಕಿಬ್ಬೊಟ್ಟೆನೋವು, ಸಂಭೋಗದ ಬಳಿಕ ರಕ್ತ ಕಾಣಬಹುದು. ಚಿಕಿತ್ಸೆಯಿಲ್ಲದೆ ಉಳಿದರೆ ಸೋಂಕು ಗರ್ಭನಾಳಕ್ಕೇರಿ ಅಲ್ಲಿ ಗಾಯದ ಕಲೆ ಉಳಿಸಬಹುದು. ಬಂಜೆತನ, ನಾಳದಲ್ಲೇ ಗರ್ಭ ನಿಲ್ಲುವುದು ಇದರ ಫಲ. ಹೆರಿಗೆಯಲ್ಲಿ ಮಗುವಿನ ಕಣ್ಣಿಗೂ ಶ್ವಾಸಕೋಶಕ್ಕೂ ತಗಲಬಹುದು.

ಮೂತ್ರ ಅಥವಾ ಸ್ವಾಬ್‌ನ ಪಿಸಿಆರ್ ಮಾದರಿಯ ಪರೀಕ್ಷೆ ವಿಶ್ವಾಸಾರ್ಹ. ಚಿಕಿತ್ಸೆಗೆ ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೆರಡು ಬಾರಿ 7 ದಿನ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್ 1 ಗ್ರಾಂ ಒಂದೇ ಸಲ. ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್‌ಗಳಲ್ಲಿ, ಪರೀಕ್ಷೆಗೆ ಕಾಯದೆ, ಲಕ್ಷಣ ನೋಡಿಯೇ ಅದಕ್ಕೆ ತಕ್ಕ ಬಣ್ಣದ ಕಿಟ್‌ಗಳಲ್ಲಿ ಮಾತ್ರೆ ಕೊಡುವ ಪದ್ಧತಿಯಿದೆ. ಇದು ಅನುಕೂಲಕರ, ಆದರೆ ಲಕ್ಷಣವೇ ಇಲ್ಲದವರು ಇದರಲ್ಲಿ ತಪ್ಪಿಹೋಗುತ್ತಾರೆ.

ಒಮ್ಮೆ ವಾಸಿಯಾದವರಿಗೂ ಮತ್ತೆ ತಗಲಬಹುದು. ಆದ್ದರಿಂದ ಸಂಗಾತಿಗೂ ಚಿಕಿತ್ಸೆ, 7 ದಿನ ಸಂಯಮ, ಸುಮಾರು 3 ತಿಂಗಳಿಗೆ ಮರುಪರೀಕ್ಷೆ ಅಗತ್ಯ. ಲಸಿಕೆಯಿಲ್ಲ, ಕಾಂಡೋಮ್ ಅಪಾಯವನ್ನು ಬಹಳಷ್ಟು ತಗ್ಗಿಸುತ್ತದೆ.