ಎಡನೀರಿನ ಮೊಕದ್ದಮೆ ಮತ್ತು ನ್ಯಾಯಾಲಯದ ಲ್ಯಾಟಿನ್

ಹೇಬಿಯಸ್ ಕಾರ್ಪಸ್, ಅಮಿಕಸ್ ಕ್ಯೂರಿ. ಕನ್ನಡ ಪತ್ರಿಕೆ ಓದುವವರಿಗೆ ಈ ಲ್ಯಾಟಿನ್ ಮಾತುಗಳು ಹೊಸವಲ್ಲ. ಬಂಧಿತನನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಆದೇಶ ಮೊದಲನೆಯದು. ಯಾವ ಪಕ್ಷಕ್ಕೂ ಸೇರದೆ ಕೋರ್ಟಿಗೆ ನೆರವಾಗುವ ವಕೀಲ ಎರಡನೆಯದು. ಸಂವಿಧಾನದ 32ನೇ ವಿಧಿ ಹೆಸರಿಸುವ ಐದು ರಿಟ್‌ಗಳಲ್ಲಿ ನಾಲ್ಕರ ಹೆಸರು ಲ್ಯಾಟಿನ್ನೇ. ಆದರೆ ತೀರ್ಪೊಂದನ್ನು ಓದಿ ತಿಳಿಯಬೇಕಾದರೆ ಇವೆಲ್ಲಕ್ಕಿಂತ ಮುಖ್ಯವಾದ ಜೋಡಿ ಬೇರೆ ಇದೆ: ರೇಶಿಯೊ ಡಿಸಿಡೆಂಡೈ ಮತ್ತು ಒಬಿಟರ್ ಡಿಕ್ಟಾ.

ತೀರ್ಪು ಯಾವ ಕಾನೂನು ತತ್ವದ ಮೇಲೆ ನಿಂತಿದೆಯೋ ಅದು ರೇಶಿಯೊ. ಮುಂದಿನ ಪ್ರಕರಣಗಳಲ್ಲಿ ಕೆಳಗಿನ ಕೋರ್ಟುಗಳು ಅದನ್ನು ಪಾಲಿಸಲೇಬೇಕು. ಪ್ರಸಂಗವಶಾತ್ ಆಡಿದ ಅಭಿಪ್ರಾಯ ಒಬಿಟರ್. ಅದಕ್ಕೆ ಗೌರವವುಂಟು, ಕಟ್ಟುಪಾಡಿಲ್ಲ.

ಹೇಳುವುದು ಸುಲಭ, ಹುಡುಕುವುದು ಕಷ್ಟ. ಎಷ್ಟು ಕಷ್ಟವೆಂಬುದಕ್ಕೆ ಕಾಸರಗೋಡಿನ ಎಡನೀರು ಮಠದ ಮೊಕದ್ದಮೆಯೇ ಸಾಕ್ಷಿ. ಕೇರಳದ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ ಮಠಾಧೀಶ ಕೇಶವಾನಂದ ಭಾರತಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು 11 ಪ್ರತ್ಯೇಕ ತೀರ್ಪುಗಳನ್ನು ಕೊಟ್ಟಿತು. ಆ ಕಾನೂನಿಗೆ ರಕ್ಷಣೆ ಕೊಡಲು ಸಂವಿಧಾನವನ್ನೇ ತಿದ್ದಿದ್ದರಿಂದ, ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯುಂಟೇ ಎಂಬ ಪ್ರಶ್ನೆ ಎದ್ದಿತ್ತು. ಮಿತಿಯುಂಟು ಎಂದವರು ಆರು ಮಂದಿ. ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ ಅವರಲ್ಲೊಬ್ಬರು. ಇಲ್ಲವೆಂದವರೂ ಆರು ಮಂದಿ. ಉಳಿದವರು ಎಚ್.ಆರ್. ಖನ್ನಾ. ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದರು ಅವರು.

ಹಾಗಾದರೆ ರೇಶಿಯೊ ಯಾವುದು? ‘ಬಹುಮತದ ಅಭಿಪ್ರಾಯ’ವೆಂದು ಸಿದ್ಧಪಡಿಸಿದ ಚಿಕ್ಕ ಸಾರಾಂಶಕ್ಕೆ ಒಂಬತ್ತು ಮಂದಿ ಸಹಿ ಹಾಕಿದರು, ನಾಲ್ವರು ಹಾಕಲಿಲ್ಲ. ಆ ಸಾರಾಂಶಕ್ಕೆ ತೀರ್ಪಿನ ಬಲವಿದೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆಯಿತು. ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮುಂದಿನ ತೀರ್ಪುಗಳೇ: 1975ರ ಇಂದಿರಾ ಗಾಂಧಿ ಚುನಾವಣಾ ಪ್ರಕರಣ, 1980ರಲ್ಲಿ ಬೆಂಗಳೂರಿನ ಮಿನರ್ವ ಮಿಲ್ಸ್ ಪ್ರಕರಣ. ಎರಡರಲ್ಲೂ ಕೋರ್ಟು ಮೂಲ ಸಂರಚನೆಯ ತತ್ವವನ್ನು ಅನ್ವಯಿಸಿ ತಿದ್ದುಪಡಿಗಳ ಭಾಗಗಳನ್ನು ರದ್ದುಮಾಡಿತು. ರೇಶಿಯೊ ಬಲವಾಗುವುದು ಹೀಗೆ, ಬಳಕೆಯಲ್ಲಿ.

ಆದರೆ ಸ್ವಾಮೀಜಿ ಪ್ರಶ್ನಿಸಿದ್ದ ಭೂಸುಧಾರಣಾ ಕಾನೂನಿಗೆ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿಯನ್ನು 13 ನ್ಯಾಯಮೂರ್ತಿಗಳ ಆ ಪೀಠ ಎತ್ತಿಹಿಡಿದಿತ್ತು. ಯಾರು ಗೆದ್ದರೆಂಬುದೂ, ಯಾವ ತತ್ವ ಉಳಿಯಿತೆಂಬುದೂ ಬೇರೆ ಬೇರೆ ಪ್ರಶ್ನೆಗಳೆಂದು ತೋರಿಸಲು ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಕಾನೂನು ಓದುವ ಗಡಿನಾಡಿನ ಕನ್ನಡ ವಿದ್ಯಾರ್ಥಿಗಳು ಈ ಲ್ಯಾಟಿನ್ ಪದಗಳನ್ನು ನಿಘಂಟಿನಿಂದ ಬಾಯಿಪಾಠ ಮಾಡುವ ಮೊದಲು ಖನ್ನಾ ಅವರ ತೀರ್ಪನ್ನೊಮ್ಮೆ ಪೂರ್ತಿ ಓದಲಿ.